ಹೆಸರಿಗಿಂತ ಮೊದಲು ಸರ್ವೆ ನಂಬರ್: ಕರ್ನಾಟಕದಲ್ಲಿ ಮನೆತನದ ಚರಿತ್ರೆ ಹುಡುಕುವ ದಾರಿ

ಮುತ್ತಜ್ಜ ಯಾರು, ಯಾವ ಊರಿನಿಂದ ಬಂದವರು ಎಂದು ತಿಳಿಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಹೆಸರನ್ನು ಅಂತರ್ಜಾಲದಲ್ಲಿ ಹುಡುಕುವ ಕೆಲಸ. ಬ್ರಿಟನ್‌ನಲ್ಲೋ ಅಮೆರಿಕದಲ್ಲೋ ಅದರಿಂದ ಫಲ ಸಿಗಬಹುದು, ಏಕೆಂದರೆ ಮನೆಮನೆಯ ಹೆಸರು ಬರೆದ ಹಳೆಯ ಜನಗಣತಿಯ ಹಾಳೆಗಳು ಅಲ್ಲಿ ಉಳಿದಿವೆ. ನಮ್ಮಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದರೂ ಅಂಕಿಸಂಖ್ಯೆ ತೆಗೆದ ಮೇಲೆ ಹೆಸರಿದ್ದ ಹಾಳೆ ಮತ್ತು ಚೀಟಿಗಳನ್ನು ಉಳಿಸಿಕೊಳ್ಳಲಿಲ್ಲ. ಗ್ರಂಥಾಲಯದಲ್ಲಿ ಸಿಗುವ ಹಳೆಯ ಜನಗಣತಿ ಸಂಪುಟಗಳಲ್ಲಿ ಜಿಲ್ಲೆ, ಜಾತಿ, ಕಸುಬುಗಳ ಲೆಕ್ಕ ಮಾತ್ರ ಇದೆ. ನಿಮ್ಮ ಅಜ್ಜನ ಹೆಸರು ಅಲ್ಲಿಲ್ಲ.

ಹೆಸರಿನದೇ ಇನ್ನೊಂದು ತೊಡಕಿದೆ. ಹಳೆ ಮೈಸೂರಿನ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ‘ತಿಮ್ಮಯ್ಯ ಬಿನ್ ರಾಮಯ್ಯ’, ಅವನ ಮಗ ‘ರಾಮಯ್ಯ ಬಿನ್ ತಿಮ್ಮಯ್ಯ’, ಅವನ ಮಗ ಮತ್ತೆ ‘ತಿಮ್ಮಯ್ಯ ಬಿನ್ ರಾಮಯ್ಯ’. ದಾಖಲೆಯಲ್ಲಿ ಈ ಇಬ್ಬರು ತಿಮ್ಮಯ್ಯರನ್ನು ಹೆಸರಿನಿಂದ ಬೇರ್ಪಡಿಸಲು ಆಗುವುದೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇದೆ, ಆದರೆ ಒಂದೇ ಮನೆತನದ ಒಂದು ಕವಲು ಕಸುಬಿನ ಹೆಸರನ್ನೂ ಇನ್ನೊಂದು ಕವಲು ಊರಿನ ಹೆಸರನ್ನೂ ಇಟ್ಟುಕೊಂಡಿರುವುದು ಸಾಮಾನ್ಯ. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಈ ಹುಡುಕಾಟವನ್ನು ಒಬ್ಬ ವ್ಯಕ್ತಿಯಿಂದಲ್ಲ, ಒಂದು ಗ್ರಾಮ ಮತ್ತು ಒಂದು ಸರ್ವೆ ನಂಬರಿನಿಂದ ಆರಂಭಿಸಬೇಕು. ಮನೆತನಕ್ಕೆ ಸ್ವಂತ ಜಮೀನು ಇರದಿದ್ದರೂ ಈ ದಾರಿ ಮುಚ್ಚಿಲ್ಲ; ಅದನ್ನು ಮುಂದೆ ಹೇಳಿದೆ.

ಪಹಣಿಯಿಂದ ಹಿಂದಕ್ಕೆ

ಇಂದಿನ ಪಹಣಿ, ಎಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆ, ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಸಾಕು. ಅದರಲ್ಲಿ 9ನೇ ಕಾಲಂ ಖಾತೆದಾರರ ಹೆಸರಿನದು, 10ನೇ ಕಾಲಂ ಆ ಹಕ್ಕು ಹೇಗೆ ಬಂತು ಎಂಬುದರದು, 12ನೇ ಕಾಲಂ ಸಾಗುವಳಿ ಮಾಡುತ್ತಿರುವವರದು. ಮನೆತನದ ಚರಿತ್ರೆಗೆ 9ಕ್ಕಿಂತ 10 ಮುಖ್ಯ. ಅಲ್ಲಿ ‘ಎಂಆರ್’ ಎಂದು ಒಂದು ಸಂಖ್ಯೆ ಮತ್ತು ವರ್ಷ ಇರುತ್ತದೆ. ಅದು ಮ್ಯುಟೇಶನ್ ರಿಜಿಸ್ಟರಿನ (ಹಕ್ಕು ಬದಲಾವಣೆಯ ವಹಿಯ) ನಮೂದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ನಮೂದಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹಕ್ಕು ಪೌತಿಯಿಂದ ಬಂದಿದ್ದರೆ ಸತ್ತವರ ಹೆಸರು, ಸತ್ತ ಕಾಲ, ವಾರಸುದಾರರ ಪಟ್ಟಿ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ವಿಭಾಗದಿಂದ ಬಂದಿದ್ದರೆ ಅಣ್ಣತಮ್ಮಂದಿರು ಯಾರು, ಯಾರಿಗೆ ಎಷ್ಟು ಎಂಬುದು ತಿಳಿಯುತ್ತದೆ.

ಈ ನಮೂದಿನಲ್ಲಿ ಬಂದ ಹಳೆಯ ಖಾತೆದಾರನ ಹೆಸರು ಹಿಡಿದು ಹಿಂದಿನ ಕೈಬರಹದ ಪಹಣಿಗೆ ಹೋಗಿ. ಅಲ್ಲಿಂದ ಅದರ 10ನೇ ಕಾಲಂ, ಅದು ತೋರಿಸುವ ನಮೂದು, ಮತ್ತೆ ಅದಕ್ಕೂ ಹಿಂದಿನ ಪಹಣಿ. ಹೀಗೆ ಇಳಿಯುತ್ತ ಹೋದರೆ ಹಳೆ ಮೈಸೂರಿನಲ್ಲಿ ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್, ಹಕ್ಕುದಾಖಲೆ) ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಪುಸ್ತಕಗಳು ಸಿಗುತ್ತವೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಪಹಣಿಗೆ ಉತಾರ ಎನ್ನುತ್ತಾರೆ, ಪೌತಿ ಬದಲಾವಣೆಗೆ ವಾರಸಾ ವರ್ದಿ ಎನ್ನುತ್ತಾರೆ. ಅಲ್ಲಿ ಹಕ್ಕುದಾಖಲೆಯ ಕಾಯ್ದೆ 1903ರಲ್ಲೇ ಬಂದದ್ದರಿಂದ ಮೈಸೂರಿಗಿಂತ ಹಿಂದಕ್ಕೆ ಹೋಗುವುದು ಸಾಧ್ಯ. ಕಲಬುರಗಿ, ಬೀದರ್, ರಾಯಚೂರಿನಲ್ಲಿ 1954–55ರ ಖಾಸ್ರಾ ಪಹಣಿಯನ್ನು ಮೊದಲು ಹಿಡಿಯಿರಿ. ಆ ಭಾಗದ ಬಹಳಷ್ಟು ಹಕ್ಕಿನ ಸರಪಳಿಗಳಿಗೆ ಗಟ್ಟಿಯಾದ ಆಧಾರ ಅದೇ.

ಈ ದಾರಿಯಲ್ಲಿ ಸರಪಳಿ ಕಡಿದುಹೋಗುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಪೋಡಿ. ಸರ್ವೆ ನಂಬರ್ 45 ಪಾಲಾಗಿ 45/1, 45/2 ಆಗುತ್ತದೆ, ಮುಂದೆ ಅದರಲ್ಲೊಂದಕ್ಕೆ ಹೊಸ ನಂಬರೇ ಬೀಳಬಹುದು. ನಂಬರ್ ಹಿಂದಕ್ಕೆ ಸಿಗದಿದ್ದಾಗ ಭೂಮಾಪನ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮತ್ತು ಟಿಪ್ಪಣಿ (ಅಳತೆಯ ನಕ್ಷೆ) ಕೇಳಿ. ಹಳೆಯ ನಂಬರಿಗೂ ಹೊಸದಕ್ಕೂ ಇರುವ ಸಂಬಂಧ ಅಲ್ಲಿ ಗೊತ್ತಾಗುತ್ತದೆ. ಎರಡನೆಯದು, ಕೈಬರಹದ ಪಹಣಿಯಿಂದ ಕಂಪ್ಯೂಟರಿಗೆ ಏರಿಸಿದ 2000ದ ಆಸುಪಾಸು. ಉರ್ಫ್ ಹೆಸರು ಬಿಟ್ಟುಹೋಗಿರುವುದು, ತಂದೆಯ ಹೆಸರು ಅದಲುಬದಲಾಗಿರುವುದು, ಜಂಟಿ ಖಾತೆಯಲ್ಲಿ ಒಬ್ಬರ ಹೆಸರು ಮಾತ್ರ ಉಳಿದಿರುವುದು ಈ ಹಂತದಲ್ಲಿ. ಆದ್ದರಿಂದ ಕೊನೆಯ ಕೈಬರಹದ ಪಹಣಿಯನ್ನೂ ಮೊದಲ ಕಂಪ್ಯೂಟರ್ ಪಹಣಿಯನ್ನೂ ಅಕ್ಕಪಕ್ಕ ಇಟ್ಟು ನೋಡಲೇಬೇಕು. ಮೂರನೆಯದು, ರೆಕಾರ್ಡ್ ರೂಮಿನಲ್ಲಿ ಕಾಗದವೇ ಇಲ್ಲ ಎನ್ನುವ ಉತ್ತರ. ಬಾಯಿಮಾತಿನ ಉತ್ತರಕ್ಕೆ ಹಿಂದಿರುಗಬೇಡಿ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರೆಸಿಕೊಳ್ಳಿ. ಅದನ್ನು ಹಿಡಿದು ಭೂಮಾಪನ ಕಚೇರಿ, ಜಿಲ್ಲಾಧಿಕಾರಿ ಕಚೇರಿ, ಕೊನೆಗೆ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಕೇಳಲು ದಾರಿಯಾಗುತ್ತದೆ. ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭಿಸಿದೆ. ಕೈ ತಾಗಿದರೆ ಪುಡಿಯಾಗುವ ಹಾಳೆಗಳ ಮಟ್ಟಿಗೆ ಇದು ಬಹಳ ದೊಡ್ಡ ಸುದ್ದಿ. ನಿಮ್ಮ ತಾಲ್ಲೂಕಿನ ಸ್ಕ್ಯಾನಿಂಗ್ ಎಲ್ಲಿಗೆ ಬಂದಿದೆ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಅಲೆದಾಟ ಉಳಿಯುತ್ತದೆ.

ನಕಲು ಅರ್ಜಿಯಲ್ಲಿ ‘ನಮ್ಮ ಪೂರ್ವಜರ ದಾಖಲೆ ಕೊಡಿ’ ಎಂದು ಬರೆದರೆ ಏನೂ ಸಿಗದು. ಯಾವ ಹೋಬಳಿ, ಯಾವ ಗ್ರಾಮ, ಯಾವ ಸರ್ವೆ ನಂಬರ್, ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಐದೂ ಇರಬೇಕು.

ಜಮೀನಿಲ್ಲದ ಮನೆತನ

ಗೇಣಿದಾರರು, ಕೂಲಿಯವರು, ಊರ ಸೇವೆಯವರ ಮನೆತನಗಳಿಗೆ ಚರಿತ್ರೆಯೇ ಸಿಗದು ಎಂಬ ಮಾತು ತಪ್ಪು. ಅವರ ಹೆಸರು ಇರುವ ಕಡತಗಳು ಬೇರೆ, ಅಷ್ಟೆ.

ಗೇಣಿದಾರರ ಹೆಸರು 9ನೇ ಕಾಲಂನಲ್ಲಿ ಇರದೆ 12ರಲ್ಲಿ ಇರುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಕೊನೆಯ ಗಡುವು 1979ರ ಜೂನ್ 30ರವರೆಗೆ ಇತ್ತು. ಭೂನ್ಯಾಯ ಮಂಡಳಿಯ ಈ ಕಡತಗಳು ತಾಲ್ಲೂಕು ಕಚೇರಿಯಲ್ಲಿರುತ್ತವೆ. ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ, ಒಡೆಯರು ಯಾರು, ಗೇಣಿ ಎಷ್ಟು ಎಂದು ಅರ್ಜಿದಾರರೂ ಸಾಕ್ಷಿದಾರರೂ ಕೊಟ್ಟ ಹೇಳಿಕೆಗಳು ಅದರೊಳಗಿವೆ. ಓದುಬರಹ ಇಲ್ಲದ ಹಿರಿಯರೊಬ್ಬರ ಮಾತು ದಾಖಲಾಗಿ ಉಳಿದಿರುವ ಒಂದೇ ಒಂದು ಕಡೆ ಈ ಹೇಳಿಕೆಯಾಗಿರಬಹುದು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆಯವರಿಗಂತೂ ಇದಕ್ಕಿಂತ ಬೆಲೆಬಾಳುವ ಕಡತ ಇನ್ನೊಂದಿಲ್ಲ.

ತೋಟಿ, ತಳವಾರ, ನೀರಗಂಟಿ ಮುಂತಾದ ಊರ ಸೇವೆಗಳಿಗೆ ಇನಾಂ ಜಮೀನು ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಆ ಜಮೀನನ್ನು ಸೇವೆಯಲ್ಲಿದ್ದವರಿಗೆ ಮರುಮಂಜೂರು ಮಾಡಿದರು. ಮರುಮಂಜೂರಾತಿ ಕಡತದಲ್ಲಿ ಹಕ್ಕುದಾರ ಯಾರ ಮಗ, ಯಾರ ಪಾಲಿನವನು ಎಂಬ ವಿಚಾರಣೆ ಇರುತ್ತದೆ. ದರಖಾಸ್ತಿನಲ್ಲಿ, ಎಂದರೆ ಸರ್ಕಾರಿ ಜಮೀನಿನ ಮಂಜೂರಾತಿಯಲ್ಲಿ, ಜಮೀನು ಪಡೆದ ಪರಿಶಿಷ್ಟ ಜಾತಿಯ ಮನೆತನಗಳಿಗೆ ಸಾಗುವಳಿ ಚೀಟಿ ಮತ್ತು ಅದರ ಮೂಲ ಕಡತ ಇದೆ. ಆ ಜಮೀನು ಮಾರಾಟವಾಗಿ, 1978ರ ಪರಭಾರೆ ನಿಷೇಧ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಪ್ರಕರಣ ನಡೆದಿದ್ದರೆ ವಂಶಾವಳಿಯೇ ಅಲ್ಲಿ ಸಲ್ಲಿಕೆಯಾಗಿರುತ್ತದೆ. ಅಣೆಕಟ್ಟಿಗೆ ಊರು ಕಳೆದುಕೊಂಡ ಶರಾವತಿ, ತುಂಗಭದ್ರಾ, ಆಲಮಟ್ಟಿ ಸಂತ್ರಸ್ತರಾದರೆ ಭೂಸ್ವಾಧೀನ ಮತ್ತು ಪುನರ್ವಸತಿ ಕಡತಗಳನ್ನು ಕೇಳಿ.

ಶಾಲೆಯ ದಾಖಲಾತಿ ವಹಿ ಎಲ್ಲರಿಗೂ ಸೇರಿದ್ದು. ಅದು ಶಾಶ್ವತ ದಾಖಲೆ. ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳಲ್ಲಿ ಮೊದಲ ವಹಿ ಇಂದಿಗೂ ಕಪಾಟಿನಲ್ಲಿರುವುದುಂಟು. ತಂದೆಯ ಹೆಸರು, ಕಸುಬು, ಹುಟ್ಟಿದ ಊರು, ಹಿಂದಿನ ಶಾಲೆ ಅದರಲ್ಲಿರುತ್ತವೆ. ಜನ್ಮದಿನಾಂಕವನ್ನು ಮಾತ್ರ ನಂಬಬೇಡಿ. ಮಗುವನ್ನು ಸೇರಿಸಿಕೊಳ್ಳಲು ವಯಸ್ಸು ಸಾಲಬೇಕೆಂದು ಮೇಷ್ಟ್ರೇ ಒಂದು ದಿನಾಂಕ ಬರೆಯುತ್ತಿದ್ದರು. ಒಂದೇ ತರಗತಿಯ ಅರ್ಧ ಮಕ್ಕಳು ಜೂನ್ 1ರಂದು ಹುಟ್ಟಿದವರಾಗಿರುವುದು ಅದರಿಂದಲೇ.

ಪಾಲುಪಟ್ಟಿ, ಕೋರ್ಟು, ಜನನ ಮರಣ

ಒಂದೇ ಕಾಗದದಲ್ಲಿ ಮೂರು ನಾಲ್ಕು ತಲೆಮಾರು ಸಿಗಬೇಕೆಂದರೆ ನೋಂದಾಯಿತ ಪಾಲುಪಟ್ಟಿಯನ್ನು ಹುಡುಕಿ. ಅದು ಸಾಮಾನ್ಯವಾಗಿ ಮೂಲಪುರುಷನ ಹೆಸರಿನಿಂದಲೇ ಶುರುವಾಗುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪತ್ರ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ, ಇಸಿ) 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಯಿಂದ ಹುಡುಕಿಸಬೇಕು. ಸ್ಥಿರಾಸ್ತಿಯ ದಸ್ತಾವೇಜುಗಳಿರುವ 1ನೇ ಪುಸ್ತಕ ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು ಎಂದು 1908ರ ನೋಂದಣಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. ಉಯಿಲು ಬೇರೆ ಪುಸ್ತಕದಲ್ಲಿದೆ, ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ನಕಲು ಸಿಗುತ್ತದೆ. ಪಾಲಿನ ದಾವೆ ಕೋರ್ಟಿಗೆ ಹೋಗಿದ್ದರೆ ವಾದಪತ್ರದ ಜೊತೆ ವಂಶವೃಕ್ಷ ಕಡ್ಡಾಯವೆಂಬಂತೆ ಇರುತ್ತದೆ. ಎದುರು ಪಕ್ಷದವರೂ ಅದನ್ನು ಪ್ರಶ್ನಿಸಿರುವುದರಿಂದ, ಒಪ್ಪಿಕೊಂಡ ಭಾಗಕ್ಕೆ ಬೆಲೆ ಹೆಚ್ಚು.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಪ್ರಮಾಣಪತ್ರಕ್ಕೆ ಆ ಬೆಲೆ ಇಲ್ಲ. ಅದು ಅರ್ಜಿದಾರರು ಕೊಟ್ಟ ಅಫಿಡವಿಟ್ ಮತ್ತು ಸ್ಥಳ ವಿಚಾರಣೆಯ ಮೇಲೆ ನಿಂತಿದೆ. ಖಾತೆ ಬದಲಾವಣೆಯ ತುರ್ತಿನಲ್ಲಿ ಮಾಡಿಸಿದ್ದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮೊದಲ ಹೆಂಡತಿಯ ಮಕ್ಕಳು, ಮಕ್ಕಳಿಲ್ಲದೆ ತೀರಿಕೊಂಡ ತಮ್ಮಂದಿರು ಬಿಟ್ಟುಹೋಗಿರುತ್ತಾರೆ. ಅದನ್ನು ಸುಳಿವಾಗಿ ಬಳಸಿ, ಪುರಾವೆಯಾಗಿ ಬೇಡ.

ಜನನ ಮರಣ ನೋಂದಣಿಯ ಇಂದಿನ ಕಾಯ್ದೆ 1969ರದು, ಜಾರಿಯಾದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚಿನ ಪುಸ್ತಕಗಳು ಪುರಸಭೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಇವೆ, ಆದರೆ ನಾಮಕರಣಕ್ಕೆ ಮೊದಲೇ ಬರೆಸಿದ್ದರಿಂದ ಮಗುವಿನ ಹೆಸರಿನ ಜಾಗ ಖಾಲಿ. ‘ಗಂಡು’ ಎಂದಷ್ಟೇ ಇರುತ್ತದೆ. ತಂದೆಯ ಹೆಸರು ಮತ್ತು ಊರಿನ ಮೇಲೆ, ಹೇಳಿದ ವರ್ಷದ ಹಿಂದೆ ಮುಂದೆ ಮೂರು ಮೂರು ವರ್ಷ ಹುಡುಕಬೇಕು. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದರಿಂದ ಜನನದ ನಮೂದು ತಾಯಿಯ ಊರಿನ ಪುಸ್ತಕದಲ್ಲಿರುತ್ತದೆ. ಇದನ್ನು ಮರೆತವರೇ ಹೆಚ್ಚು. ಇನ್ನು ಈಚಿನ ತಲೆಮಾರಿನ ಚದುರಿದ ಬಂಧುಗಳಿಗಾಗಿ 2002ರ ಮತದಾರರ ಪಟ್ಟಿ ಒಳ್ಳೆಯ ಸಾಧನ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುವ ಅದರಲ್ಲಿ ಮನೆ ನಂಬರ್, ವಯಸ್ಸು, ತಂದೆ ಅಥವಾ ಗಂಡನ ಹೆಸರು ಇವೆ.

1956ಕ್ಕೆ ಮುಂಚೆ ನಿಮ್ಮೂರು ಯಾರದಿತ್ತು?

ತಾಲ್ಲೂಕಿನ ಕಾಗದ ಮುಗಿದ ಮೇಲೆ ಮುಂದಿನ ದಾರಿಯನ್ನು ನಿರ್ಧರಿಸುವುದು ಇದೊಂದೇ ಪ್ರಶ್ನೆ. ಮೈಸೂರು ಸಂಸ್ಥಾನದ್ದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ವಿಭಾಗೀಯ ಕಚೇರಿ. ಧಾರವಾಡ, ಬೆಳಗಾವಿ, ವಿಜಯಪುರ, ಮತ್ತು 1862ರ ನಂತರದ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಅವುಗಳ ಮೇಲ್ಮಟ್ಟದ ಕಡತಗಳು ಮುಂಬೈ ಮತ್ತು ಪುಣೆಯಲ್ಲಿವೆ. ದಕ್ಷಿಣ ಕನ್ನಡ ಮತ್ತು 1953ರವರೆಗಿನ ಬಳ್ಳಾರಿಯವು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ, ನಿಜಾಮರ ಆಳ್ವಿಕೆಯ ಮೂರು ಜಿಲ್ಲೆಗಳವು ಹೈದರಾಬಾದಿನ ತಾರ್ನಾಕಾದಲ್ಲಿ.

ಅಲ್ಲಿ ಹುಡುಕಬೇಕಾದದ್ದು ಇನಾಂ ಕಡತಗಳನ್ನು. ಮುಂಬೈ ಪ್ರಾಂತದಲ್ಲಿ 1852ರ ಕಾಯ್ದೆಯ ನಂತರ ಇನಾಂದಾರರು ತಮ್ಮ ಹಕ್ಕು ಸಾಬೀತುಪಡಿಸಲು ವಂಶಾವಳಿ ಕೊಡಬೇಕಾಯಿತು. ಮದ್ರಾಸಿನಲ್ಲಿ ಅದೇ ಕೆಲಸಕ್ಕೆ ಇನಾಂ ರಿಜಿಸ್ಟರುಗಳಿವೆ, ಹೈದರಾಬಾದಿನಲ್ಲಿ ಮುಂತಖಬ್‌ಗಳಿವೆ. ದೇವಸ್ಥಾನದ ಅರ್ಚಕರು, ಶಾನುಭೋಗರು, ಕುಲಕರ್ಣಿಗಳು, ಗೌಡರು, ದೇಸಾಯಿಗಳು, ಮಠದವರು, ಖಾಜಿಗಳು ಹೀಗೆ ಇನಾಂ ಇದ್ದ ಮನೆತನಗಳು ಇಲ್ಲಿಂದ 18ನೇ ಶತಮಾನದವರೆಗೂ ಹೋಗಬಹುದು.

ಲಿಪಿ ಅಡ್ಡ ಬರುತ್ತದೆ. ಮುಂಬೈ ಕರ್ನಾಟಕದ ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯ ಮರಾಠಿಯಲ್ಲಿವೆ, ನಿಜಾಮರವು ಪಾರಸಿ ಮತ್ತು ಉರ್ದುವಿನಲ್ಲಿ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಮೋಡಿ ಕಲಿಸುತ್ತಾರೆ. ಅಷ್ಟು ದೂರ ಹೋಗಲಾಗದವರು ಸಂಖ್ಯೆಗಳನ್ನೂ, ತಮ್ಮ ಊರು ಮತ್ತು ಮನೆತನದ ಹೆಸರು ಮೋಡಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೂ ಕಲಿತರೂ ಸರಿಯಾದ ಪುಟವನ್ನು ಗುರುತಿಸಬಹುದು, ಓದಿಸುವುದು ಆಮೇಲೆ. ಹಳೆಯ ಉತಾರಗಳಲ್ಲಿ ಹೆಸರಿನ ಜೊತೆ ‘ಅ.ಪಾ.ಕ.’ ಎಂದಿದ್ದರೆ ಅದು ಅಪ್ರಾಪ್ತ ವಯಸ್ಕನ ಪಾಲಕರ ಸೂಚನೆ. ಆ ವರ್ಷ ಹುಡುಗನಿಗೆ 18 ತುಂಬಿರಲಿಲ್ಲ ಎಂದರ್ಥ, ತಂದೆ ಆಗಲೇ ತೀರಿಕೊಂಡಿರುವ ಸಾಧ್ಯತೆಯೂ ಹೆಚ್ಚು.

ಇಸವಿಗೆ ಬದಲಿಸಿಕೊಳ್ಳುವಾಗ ಶಕೆಗೆ 78, ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಿ. ಫಸಲಿ 1356 ಎಂದರೆ 1946–47. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಬರಿಯ ‘ದುಂದುಭಿ’ ಎಂದಿದ್ದರೆ ಅದು 1862–63 ಇರಬಹುದು, 1922–23 ಇರಬಹುದು. ಕಾಗದ, ಸ್ಟಾಂಪು, ಸಾಕ್ಷಿದಾರರ ಹೆಸರು ನೋಡಿ ಯಾವುದೆಂದು ತೀರ್ಮಾನಿಸಬೇಕು. ಹಿರಿಯರನ್ನು ಮಾತಾಡಿಸುವಾಗಲೂ ಇಸವಿ ಕೇಳಬೇಡಿ, ಘಟನೆ ಕೇಳಿ. ‘ಧಾತು ಈಶ್ವರದ ಬರ’ ಎಂದರೆ 1876–78. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಮನೆಮನೆಯಲ್ಲಿ ಜನ ಸತ್ತ ಇನ್‌ಫ್ಲುಯೆಂಜಾ 1918ರಲ್ಲಿ. ‘ಅಜ್ಜಿಯ ಮದುವೆ ಪ್ಲೇಗಿಗೆ ಮೊದಲೋ ಆಮೇಲೋ’ ಎಂಬ ಪ್ರಶ್ನೆಗೆ ಹಿರಿಯರು ತಡವರಿಸದೆ ಉತ್ತರ ಕೊಡುತ್ತಾರೆ.

ಕರಾವಳಿ ಮತ್ತು ಕೊಡಗು

ತುಳುನಾಡಿನಲ್ಲಿ ಅಳಿಯಸಂತಾನದ ಮನೆತನಗಳನ್ನು ತಂದೆಯ ಸಾಲಿನಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ಗಂಡಸಿನ ಪಾಲು ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಹಳೆಯ ದಾಖಲೆಯಲ್ಲಿ ಅವನ ನಂತರ ಬಂದ ಹೆಸರನ್ನು ಮಗನೆಂದು ಬರೆದುಕೊಂಡರೆ ಇಡೀ ವೃಕ್ಷವೇ ಬೇರೆ ಮನೆಯದಾಗುತ್ತದೆ. ಬಳಿ (ಗೋತ್ರದಂಥ ಕುಲ) ತಾಯಿಯದು, ಕುಟುಂಬ ತಾಯಿಯದು, ಕವರು (ಕುಟುಂಬದ ಕವಲು) ಎಣಿಸುವುದು ಹೆಂಗಸರಿಂದ. ಹಾಗಾಗಿ ಇಲ್ಲಿನ ವಿಭಾಗಪತ್ರಗಳಲ್ಲಿ ಬೇರೆಲ್ಲೂ ಸಿಗದಷ್ಟು ಹೆಣ್ಣುಮಕ್ಕಳ ಹೆಸರುಗಳಿವೆ. ಕೊಡಗಿನಲ್ಲಿ ಒಕ್ಕದ (ಮನೆತನದ) ಹೆಸರು ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಕೈಹಿಡಿಯುತ್ತವೆ. ಒಕ್ಕದ ಹೆಸರು ಬದಲಾಗದಿರುವುದರಿಂದ, ಕರ್ನಾಟಕದಲ್ಲಿ ಹೆಸರಿನಿಂದಲೇ ಹುಡುಕಾಟ ಆರಂಭಿಸಬಹುದಾದ ಕೆಲವೇ ಕಡೆಗಳಲ್ಲಿ ಅದೊಂದು.

ಮಂಗಳೂರಿನ ಕಥೋಲಿಕರಿಗೆ ಇಗರ್ಜಿಯ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದ ಕಾಲದಲ್ಲಿ ಇಗರ್ಜಿಗಳು ನಾಶವಾದದ್ದರಿಂದ ಬಹುಪಾಲು ಪುಸ್ತಕಗಳು ಅದರ ನಂತರದವು. ದೀಕ್ಷಾಸ್ನಾನದ ನಮೂದಿನ ಅಂಚಿನಲ್ಲಿ ಮುಂದೆ ಆ ವ್ಯಕ್ತಿಯ ಮದುವೆ ಎಲ್ಲಿ ಆಯಿತೆಂದು ಬರೆದಿರುವುದುಂಟು, ಅದನ್ನು ಬಿಡಬೇಡಿ. ದೇವಪಿತ, ದೇವಮಾತೆಯರ ಹೆಸರೂ ಬರೆದುಕೊಳ್ಳಿ. ಸಾಮಾನ್ಯವಾಗಿ ಅವರು ಹತ್ತಿರದ ನೆಂಟರು. ಪ್ರೊಟೆಸ್ಟೆಂಟ್ ಮನೆತನಗಳು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಗಳನ್ನು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ನೋಡಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರದ ಹಳೆಯ ಫೋಟೋಗಳು ಅಂತರ್ಜಾಲದಲ್ಲೂ ಇವೆ. ಬೆಂಗಳೂರು ದಂಡು ಮತ್ತು ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆತನಗಳಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ವಿಭಾಗದ ಚರ್ಚ್ ನಮೂದುಗಳಿವೆ.

ಬರೆದಿಡುವಾಗ

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆತನಗಳಲ್ಲಿ ಒಬ್ಬರೇ ವ್ಯಕ್ತಿ ವೃಕ್ಷದಲ್ಲಿ ಎರಡು ಕಡೆ ಬರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟುಕೊಂಡರೆ ಮಾತ್ರ ಇದು ಸಂಭಾಳಿಸುತ್ತದೆ. ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಇದನ್ನು ಸಲೀಸಾಗಿ ಮಾಡುತ್ತದೆ, ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಡಿಎನ್‌ಎ ಪರೀಕ್ಷೆಗೆ ಹಣ ಹಾಕುವ ಮುಂಚೆಯೂ ಇದನ್ನು ನೆನಪಿಡಿ: ಒಳಸಂಬಂಧಗಳಿಂದಾಗಿ ದೂರದ ನೆಂಟರೂ ಹತ್ತಿರದವರಂತೆ ಫಲಿತಾಂಶದಲ್ಲಿ ಕಾಣುತ್ತಾರೆ. ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದು, ತಿದ್ದಿದ ರೂಪವನ್ನು ಪಕ್ಕದಲ್ಲಿಡಿ. ಬದುಕಿರುವವರ ಜನ್ಮದಿನಾಂಕ, ದತ್ತು, ಎರಡನೇ ಮದುವೆಯ ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಯಾವ ಜಾಲತಾಣಕ್ಕೂ ಏರಿಸಬೇಡಿ.

ಹೆಳವರ ಹೊತ್ತಿಗೆ

ಕಾಗದದಲ್ಲಿ ಸಿಗದದ್ದು ಸಿಗುವ ಇನ್ನೊಂದು ಕಡೆ ಇದೆ. ಉತ್ತರ ಕರ್ನಾಟಕದಲ್ಲಿ ಹೆಳವರು ತಲೆತಲಾಂತರದಿಂದ ತಮ್ಮ ಪಾಲಿನ ಒಕ್ಕಲು ಮನೆಗಳ ವಂಶಾವಳಿ ಬರೆದಿಟ್ಟು, ಸುಗ್ಗಿಯ ನಂತರ ಎತ್ತು ಮತ್ತು ಗಂಟೆಯೊಂದಿಗೆ ಬಂದು ಮನೆಮುಂದೆ ಓದಿ ಹೇಳುತ್ತಾರೆ. ಕಾಳು, ಬಟ್ಟೆ, ಹಣ ಅವರ ಸಂಭಾವನೆ. ಆಂಧ್ರ ತೆಲಂಗಾಣದ ಕಡೆ ಇದೇ ಕೆಲಸ ಪಿಚ್ಚಗುಂಟ್ಲವರದು. ಮನೆತನ ಮೊದಲು ಯಾವ ಊರಿನಲ್ಲಿತ್ತು, ಯಾವ ಕಾರಣಕ್ಕೆ ಎದ್ದುಬಂತು, ಮನೆದೇವರು ಯಾವುದು ಎಂಬುದು ಅವರ ಹೊತ್ತಿಗೆಯಲ್ಲಿ ಇರುತ್ತದೆ. ಕಂದಾಯ ಇಲಾಖೆಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಪೂರ್ವಜರನ್ನು ಹೊಗಳುವ ಭಾಗವನ್ನು ಚರಿತ್ರೆಯೆಂದು ಹಿಡಿಯಬೇಕಿಲ್ಲ. ಊರಿನ ಹೆಸರು ಮತ್ತು ಈಚಿನ ಆರೇಳು ತಲೆಮಾರನ್ನು ಮಾತ್ರ ತೆಗೆದುಕೊಂಡು ಉತಾರದೊಂದಿಗೆ ಹೋಲಿಸಿ ನೋಡಿ.

ನಿಮ್ಮ ಮನೆಯ ಹೆಳವರು ಯಾರೆಂದು ಊರಲ್ಲೇ ಉಳಿದಿರುವ ದಾಯಾದಿಗಳಿಗೆ ಗೊತ್ತಿರುತ್ತದೆ. ಪಟ್ಟಣ ಸೇರಿದ ಕವಲುಗಳಿಗೆ ಅವರು ಬರುವುದು ನಿಂತಿದೆ, ಆದರೆ ಹೊತ್ತಿಗೆಯಲ್ಲಿ ಆ ಕವಲಿನ ಪುಟ ಇದ್ದೇ ಇರುತ್ತದೆ. ಹೊತ್ತಿಗೆಯನ್ನು ಕೈಗೆ ಕೊಡಿ ಎನ್ನಬೇಡಿ. ಅದು ಅವರ ಜೀವನಾಧಾರ. ಅನುಮತಿ ಕೇಳಿ ಓದುವುದನ್ನು ಮೊದಲಿನಿಂದ ಕೊನೆಯವರೆಗೆ ಧ್ವನಿಮುದ್ರಿಸಿಕೊಳ್ಳಿ, ಪುಟದ ಫೋಟೋಕ್ಕೆ ಬೇರೆಯಾಗಿ ಕೇಳಿ, ಸಂಭಾವನೆ ಮೊದಲೇ ಮಾತಾಡಿಕೊಳ್ಳಿ. ಅವರು ಓದುವುದು ಹೆಚ್ಚಾಗಿ ಗಂಡು ಸಾಲನ್ನು. ಪ್ರತಿ ತಲೆಮಾರಿಗೂ ನಿಲ್ಲಿಸಿ, ಹೆಂಡತಿಯ ತವರು ಯಾವುದು, ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟರು ಎಂದು ಕೇಳಿದರೆ ಬರೆಯದೆ ಬಿಟ್ಟದ್ದೂ ಬಾಯಿಯಿಂದ ಬರುತ್ತದೆ. ಓದು ಮುಗಿದ ಮೇಲೆ ಹಿಂದಿನ ಭೇಟಿಯಿಂದ ಈಚೆಗೆ ಹುಟ್ಟಿದವರ ಹೆಸರನ್ನು ಅವರು ಸೇರಿಸಿಕೊಳ್ಳುತ್ತಾರೆ. ಆಗ ನಿಮ್ಮ ಕವಲಿನ ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳನ್ನೂ ಹೆಸರು ಹೇಳಿ ಬರೆಸಿ.